ಅಂಟಿಲ್ಲದ ಹಿಟ್ಟು, ತುಂಬಿದ ಹೊಟ್ಟೆ

ಜೋಳದ ಹಿಟ್ಟಿನಲ್ಲಿ ಅಂಟು ಇಲ್ಲ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರೊಳಗಿನ ಗ್ಲುಟೆನ್ ಎಂಬ ಪ್ರೋಟೀನು ಎಳೆಎಳೆಯಾಗಿ ಹೆಣೆದುಕೊಂಡು ಹಿಗ್ಗುತ್ತದೆ, ಲಟ್ಟಣಿಗೆಯ ಕೆಳಗೆ ಹರಿಯದೆ ಹರಡುತ್ತದೆ. ಜೋಳದ ಹಿಟ್ಟಿಗೆ ತಣ್ಣೀರು ಹಾಕಿದರೆ ಅದು ಒದ್ದೆ ಉಸುಕಿನಂತೆ ಉದುರುತ್ತದೆ. ಅದಕ್ಕೇ ಬೀದರ ಸೀಮೆಯ ಒಲೆಗಳಲ್ಲಿ ರೊಟ್ಟಿಯ ಕೆಲಸ ಎಸರಿನಿಂದ ಶುರುವಾಗುತ್ತದೆ. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ನೀರು ಸುರಿದಾಗ ಒಂದಿಷ್ಟು ಪಿಷ್ಟ ಅಲ್ಲೇ ಬೆಂದು ಜಿಗುಟಾಗುತ್ತದೆ; ಉಳಿದ ಹಿಟ್ಟನ್ನು ಹಿಡಿದಿಡುವುದು ಆ ಜಿಗಿಯೇ. ಮೇಲೆ ಒಣ ಹಿಟ್ಟು ಉದುರಿಸಿ, ಅಂಗೈಯಲ್ಲಿ ಬಡಿಯುತ್ತ, ಬಡಿಯುತ್ತಲೇ ತಿರುಗಿಸುತ್ತ ಹೋದಂತೆ ಉಂಡೆ ಅಗಲವಾಗುತ್ತದೆ. ಹಂಚಿಗೆ ಬಿದ್ದ ಮರುಕ್ಷಣ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರದಿದ್ದರೆ ಅಂಚು ಸೀಳುತ್ತದೆ, ಒಣ ಹಿಟ್ಟು ಕರಕಾಗುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಬರುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ಗಿರಣಿಗೆ ಹೋಗುವ ರೂಢಿ ಬೆಳೆದಿದೆ. ಅಂಟಿಲ್ಲದ ಧಾನ್ಯವನ್ನು ಅಂಟಿಸುವ ಈ ಕೈಚಳಕ ಕಲಿಯಲು ವರ್ಷಗಳೇ ಬೇಕು. ಗ್ಲುಟೆನ್ ಆಗಿಬರದವರಿಗೆ ಈ ಸೀಮೆಯ ಊಟ ಹೆಚ್ಚು ಬದಲಾವಣೆಯಿಲ್ಲದೆ ಒದಗುವುದೂ ಹಿಟ್ಟಿನ ಅದೇ ಗುಣದಿಂದ.

ಬೀದರ ಪಟ್ಟಣ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಅಲ್ಲಿಂದ ಪೂರ್ವಕ್ಕೆ ಇಳಿದರೆ ಬಹಮನಿ ಸುಲ್ತಾನರ ಗುಮ್ಮಟಗಳ ಅಷ್ಟೂರ. ಗೋರಿಗಳ ಸುತ್ತಲೂ ಹೊಲಗಳು. ಭಾಲ್ಕಿ, ಔರಾದ ಕಡೆ ಹೋದಂತೆ ಎರಿ ನೆಲ ಹೆಚ್ಚು. ಮುಂಗಾರಿನಲ್ಲಿ ಹೆಸರು, ಉದ್ದು, ತೊಗರಿ, ಈಚಿನ ದಶಕಗಳಲ್ಲಿ ಎಲ್ಲವನ್ನೂ ಹಿಂದಿಕ್ಕಿದ ಸೋಯಾ. ಹಿಂಗಾರಿನಲ್ಲಿ ಬಿಳಿ ಜೋಳ, ಕಡಲೆ, ಅಂಚಿಗೆ ಕುಸುಬಿ. ದಿನದ ಊಟಕ್ಕೆ ಬೇಕಾದ ಬಹುಪಾಲು ಈ ಪಟ್ಟಿಯಲ್ಲೇ ಇದೆ. ಸೋಯಾ ಮಾತ್ರ ಮಾರುಕಟ್ಟೆಗೆ ಬೆಳೆಯುವ ಬೆಳೆ. ಅದು ಹೊಲ ತುಂಬುತ್ತದೆ, ತಾಟಿಗೆ ಬರುವುದು ಅಪರೂಪ.

‘ಆಗಿಬರುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಜನ ಮೂರು ಬೇರೆ ಬೇರೆ ತೊಂದರೆಗಳನ್ನು ಹೇಳುತ್ತಾರೆ. ಶೇಂಗಾ ತಿಂದ ಕೆಲವೇ ನಿಮಿಷಗಳಲ್ಲಿ ತುಟಿ ಊದಿ ಉಸಿರು ಕಟ್ಟಿದರೆ ಅದು ಅಲರ್ಜಿ. ಒಂದು ಕಾಳೂ ಅಪಾಯ. ಹಾಲು ಕುಡಿದರೆ ಹೊಟ್ಟೆ ಉಬ್ಬುವುದು ಜೀರ್ಣಶಕ್ತಿಯ ಕೊರತೆ. ಅಲ್ಲಿ ಲೆಕ್ಕಕ್ಕೆ ಬರುವುದು ಪ್ರಮಾಣ. ಗೋಧಿಯಿಂದ ಬರುವ ಸೀಲಿಯಕ್ ರೋಗ ಎರಡೂ ಅಲ್ಲ. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ಲುಟೆನ್‌ಗೆ ಕೆರಳಿ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ತಿಂದದ್ದು ಮೈಗೆ ಹತ್ತದೆ ಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ದೊಡ್ಡವರಲ್ಲಿ ಎಷ್ಟು ಮಾತ್ರೆ ನುಂಗಿದರೂ ನೀಗದ ರಕ್ತಹೀನತೆಯೇ ಕೆಲವೊಮ್ಮೆ ಕಾಣುವ ಏಕೈಕ ಲಕ್ಷಣ. ಗೋಧಿಯ ಮೇಲೆ ಅನುಮಾನಪಟ್ಟವನು ಡಚ್ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕ್ಕೆ. 1944-45ರ ಚಳಿಗಾಲದ ಬರದಲ್ಲಿ ನೆದರ್ಲೆಂಡ್ಸಿನಲ್ಲಿ ಬ್ರೆಡ್ಡು ಸಿಗದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡದ್ದು ಆ ಅನುಮಾನಕ್ಕೆ ಬಲ ಕೊಟ್ಟಿತು. 1950ರಲ್ಲಿ ಅವನ ಪ್ರಬಂಧ ಹೊರಬಂತು.

ಭಾರತದಲ್ಲಿ ಈ ರೋಗ ಉತ್ತರಕ್ಕೆ ಹೆಚ್ಚು, ದಕ್ಷಿಣಕ್ಕೆ ಕಡಿಮೆ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಎಂದು ಲೆಕ್ಕ ಹಾಕಿತು. ರೋಗಕ್ಕೆ ದಾರಿಮಾಡುವ ವಂಶವಾಹಿ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಕಂಡದ್ದು ಗೋಧಿಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದವರು 25 ಗ್ರಾಂ ತಿನ್ನುತ್ತಿದ್ದರು. ಜೋಳದಿಂದ ಚಪಾತಿಗೆ, ಚಪಾತಿಯಿಂದ ಪಾವ್-ಬಿಸ್ಕತ್ತಿಗೆ ಹೊರಳುತ್ತಿರುವ ಬೀದರಿನಂಥ ಜಿಲ್ಲೆ ಗಮನವಿಟ್ಟು ಓದಬೇಕಾದ ಅಂಕಿಗಳಿವು.

ಸೀಲಿಯಕ್ ಇದ್ದವರಿಗೆ ಜೋಳ, ಸಜ್ಜಿ, ಅಕ್ಕಿ, ಬೇಳೆಕಾಳು ಎಲ್ಲವೂ ಆಗುತ್ತವೆ. ತೊಡಕು ಇರುವುದು ಗಿರಣಿಯಲ್ಲಿ. ಸಾಲಿನಲ್ಲಿ ಮುಂದಿನವರ ಗೋಧಿ ಬೀಸಿದ ಕಲ್ಲಿಗೇ ಹಿಂದಿನವರ ಜೋಳ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಉಳಿದ ಗೋಧಿ ಹಿಟ್ಟು ಜೋಳದ ಡಬ್ಬಿ ಸೇರುತ್ತದೆ. ಉಳಿದವರಿಗೆ ಇದು ಏನೂ ಅಲ್ಲ, ಈ ರೋಗಿಗೆ ಮಾತ್ರ ವಿಷ. ಭಾರತದ ಆಹಾರ ಸುರಕ್ಷತೆ ಪ್ರಾಧಿಕಾರ ‘ಗ್ಲುಟೆನ್ ರಹಿತ’ ಎಂದು ಬರೆಯಲು ಒಪ್ಪುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿಯ ಹಿಂದೆ ಬೀಸಿದ ಜೋಳ ಆ ಮಿತಿಯನ್ನು ಸುಲಭವಾಗಿ ದಾಟಬಲ್ಲದು. ಒಂದೆರಡು ಕಿಲೋ ಜೋಳವನ್ನು ಮೊದಲು ಬೀಸಿಸಿ ಬೇರೆ ತೆಗೆದು, ಆಮೇಲಿನದನ್ನು ರೋಗಿಗೆ ಇಡುವುದು ಅರ್ಧ ಪರಿಹಾರ. ಮನೆಯಲ್ಲೇ ಗೋಧಿ ಸೋಕದ ಚಿಕ್ಕ ಗಿರಣಿ ಇಡುವುದು ಪೂರ್ತಿ ಪರಿಹಾರ. ಬೇಳೆಯ ಒಗ್ಗರಣೆಯಲ್ಲೂ ಒಂದು ಬಲೆ ಇದೆ. ಅಂಗಡಿಯ ಡಬ್ಬಿ ಇಂಗಿನಲ್ಲಿ ಗೋಂದಿನ ಜೊತೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆತಿರುವುದುಂಟು. 2023ರ ಸಿರಿಧಾನ್ಯ ವರ್ಷದ ಗದ್ದಲದ ನಂತರ ಅಂಗಡಿ ತುಂಬಿದ ‘ಜೋಳದ ಬಿಸ್ಕತ್ತು’ಗಳ ಹಿಂಬದಿ ಓದಿದರೆ ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಹೆಸರು ಮೈದಾದ್ದೇ.

ಅನುಮಾನ ಬಂದ ಕೂಡಲೇ ಗೋಧಿ ಬಿಡುವುದು ತಪ್ಪು. ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ ತಿನ್ನುತ್ತಿರುವ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು. ತಿಂಗಳುಗಟ್ಟಲೆ ಬಿಟ್ಟು ಹೋದರೆ ರೋಗವಿದ್ದರೂ ಇಲ್ಲವೆಂದು ಬರಬಹುದು. ಗೋಧಿ ಆಗಿಬರುವವರು ಅದನ್ನು ಬಿಡಬೇಕಾದ ಕಾರಣವೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು; ಗೋಧಿ ಹಿಟ್ಟಿನಲ್ಲಿ ಎರಡೂ ತುಸು ಹೆಚ್ಚೇ. ಜೋಳ ಗೆಲ್ಲುವುದು ಪಾಲಿಷ್ ಅಕ್ಕಿಯ ಎದುರು: ಅಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಕಬ್ಬಿಣ ಜೋಳದ ಆರನೇ ಒಂದು ಪಾಲು.

ಜೋಳವನ್ನು ಹೊಗಳುವವರು ಮರೆಯಬಾರದ ಅಧ್ಯಾಯವೊಂದು ಇದೇ ದಖ್ಖನ್ನಿನಲ್ಲಿದೆ. ಪೆಲಾಗ್ರ ಎಂಬ ರೋಗದಲ್ಲಿ ಬಿಸಿಲು ಬೀಳುವ ಕತ್ತು, ಮುಂಗೈ, ಪಾದಗಳ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಬುದ್ಧಿ ಕದಡುತ್ತದೆ. ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆ ಅದರ ಮೂಲ. ಅಮೆರಿಕದಲ್ಲಿ ಅದು ಗೋವಿನಜೋಳ ತಿನ್ನುವ ಬಡವರ ರೋಗವಾಗಿತ್ತು. ಹೈದರಾಬಾದಿನ ಸುತ್ತ ಗೋವಿನಜೋಳ ತಿನ್ನದ, ಜೋಳವನ್ನೇ ನಂಬಿದ ಕೂಲಿಕಾರರಲ್ಲಿ ಕಂಡಿತು. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದಕ್ಕೊಂದು ಕಾರಣ ಮುಂದಿಟ್ಟರು: ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಅತಿಯಾಗಿರುವುದರಿಂದ ದೇಹ ನಯಾಸಿನ್ ತಯಾರಿಸಿಕೊಳ್ಳುವ ದಾರಿಗೆ ಅಡ್ಡಿಯಾಗುತ್ತದೆ. ಆ ವಿವರಣೆಯ ಬಗ್ಗೆ ಆಮೇಲೆ ಚರ್ಚೆ ನಡೆಯಿತು. ರೋಗ ಮಾತ್ರ ನಿಜ. ರೊಟ್ಟಿ ಮತ್ತು ಖಾರ, ಅಷ್ಟರಲ್ಲೇ ಊಟ ಮುಗಿಸಬೇಕಾದ ಮನೆಗಳಿಗೆ ಅದು ಬಂತು.

ಆದ್ದರಿಂದ ಈ ಸೀಮೆಯ ಊಟದ ಜಾಣತನವನ್ನು ರೊಟ್ಟಿಯಲ್ಲಿ ಹುಡುಕುವುದಕ್ಕಿಂತ ರೊಟ್ಟಿಯ ಜೊತೆ ಬರುವುದರಲ್ಲಿ ಹುಡುಕಬೇಕು. ಶೇಂಗಾ ಹಿಂಡಿಯನ್ನು ಬರೀ ಬಾಯಿರುಚಿ ಎಂದುಕೊಳ್ಳುವವರಿದ್ದಾರೆ. ಹುರಿದ ಶೇಂಗಾ, ಬಳ್ಳೊಳ್ಳಿ, ಕೆಂಪು ಖಾರ, ಉಪ್ಪು ಕೂಡಿಸಿ ಒರಳಲ್ಲಿ ಎಣ್ಣೆ ಒಸರುವ ತನಕ ಕುಟ್ಟಿದ ಆ ಪುಡಿಯಲ್ಲಿ ಜೋಳಕ್ಕೆ ಕೊರತೆಯಾದದ್ದೇ ಇದೆ: 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್. ದಿನಕ್ಕೆ ಎರಡು ಹೊತ್ತು ಎರಡೆರಡು ಚಮಚ ಹಿಂಡಿ ಆ ಕೊರತೆಯ ಒಂದು ಪಾಲನ್ನು ತುಂಬುತ್ತದೆ. ಅಗಸಿ, ಗುರೆಳ್ಳಿನ ಹಿಂಡಿಗಳು ಬೇರೆ ಕೊಬ್ಬು, ಬೇರೆ ಖನಿಜ ತರುತ್ತವೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ತೊಗರಿಯಲ್ಲಿ ಧಾರಾಳ. ತೊಗರಿಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಲ್ಲಿದೆ. ಪುಂಡಿಪಲ್ಯವಂತೂ ಒಂದೇ ಗಡಿಗೆಯಲ್ಲಿ ಪೂರ್ತಿ ಊಟ. ಹುಳಿ ತಪ್ಪಲು, ತೊಗರಿಬ್ಯಾಳಿ, ಜೋಳದ ನುಚ್ಚು, ಮೇಲೆ ಬಳ್ಳೊಳ್ಳಿಯ ಒಗ್ಗರಣೆ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಎಳೆ ಮೆಂತೆ, ಹೊಲದಿಂದ ಕಿತ್ತು ತಂದ ಹಕ್ಕರಕಿ. ಊಟದ ಬೆನ್ನಿಗೇ ಚಹಾ ಕುಡಿಯುವ ಚಟ ಮಾತ್ರ ಇಷ್ಟೆಲ್ಲ ತಪ್ಪಲಿನ ಕಬ್ಬಿಣವನ್ನು ಕರುಳಿನಲ್ಲೇ ತಡೆಯುತ್ತದೆ. ಅದು ಒಂದು ತಾಸು ಕಾಯಲಿ.

ಬೇಳೆ ತಿಂದರೆ ವಾಯು ಎನ್ನುವವರ ದೂರು ಸುಳ್ಳಲ್ಲ. ಬೇಳೆಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನಿಗಿಲ್ಲ. ಅವು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಸೂಕ್ಷ್ಮಾಣುಗಳ ಊಟವಾಗುತ್ತವೆ, ಗಾಳಿ ಹುಟ್ಟುತ್ತದೆ. ನೆನೆಸಿದ ನೀರು ಚೆಲ್ಲುವುದು, ಮೊಳಕೆ ಕಟ್ಟುವುದು, ಚೆನ್ನಾಗಿ ಬೇಯಿಸುವುದು ಇವುಗಳನ್ನು ತಗ್ಗಿಸುತ್ತವೆ. ಬೇಳೆ ಪೂರ್ತಿ ಬಿಡುವ ಮೊದಲು ಸಿಪ್ಪೆ ತೆಗೆದ ಹೆಸರುಬೇಳೆಯನ್ನು ಚಿಕ್ಕ ಪ್ರಮಾಣದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಇಂಥದೇ ವಾಯುವಿಗೆ ಗೋಧಿ ದೋಷಿ ಎಂದು ನಂಬಿದ ಹಲವರಲ್ಲಿ ಗ್ಲುಟೆನ್ ಬದಲು ಗೋಧಿಯಲ್ಲಿರುವ ಫ್ರಕ್ಟನ್ ಎಂಬ ನಾರು ಕಾರಣವಾಗಿರುತ್ತದೆ. ಅದೇ ಫ್ರಕ್ಟನ್ ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲೂ ಇರುವುದರಿಂದ ಅಂಥವರು ಚಪಾತಿ ಬಿಟ್ಟರೂ ನೆಮ್ಮದಿ ಕಾಣುವುದಿಲ್ಲ. ಮೊಳಕೆಯ ವಿಷಯದಲ್ಲಿ ಒಂದು ಎಚ್ಚರ: ಹೆಸರಿನಂತೆ ಜೋಳವನ್ನು ಮೊಳಕೆ ಕಟ್ಟಿ ಹಸಿಯಾಗಿ ತಿನ್ನಬಾರದು. ಎಳೆ ಜೋಳದ ಪೈರು ಮೇಯ್ದ ದನ ಬಿದ್ದು ಸಾಯುವುದು ರೈತರಿಗೆ ಗೊತ್ತು. ಸಯನೈಡ್ ಬಿಡುಗಡೆ ಮಾಡುವ ಅದೇ ವಸ್ತು ಮೊಳಕೆಯಲ್ಲೂ ಇದೆ.

ಹಾಲಿನ ಕಥೆ ಸರಳ. ದೊಡ್ಡವರಾದಂತೆ ಬಹಳಷ್ಟು ಜನರಲ್ಲಿ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಕಿಣ್ವ ಕ್ಷೀಣಿಸುತ್ತದೆ. ಹಾಗಿದ್ದರೂ ಹೆಚ್ಚಿನವರು 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಒಂದು ಲೋಟ ಹಾಲನ್ನು, ಊಟದ ಜೊತೆ ತಾಳಿಕೊಳ್ಳುತ್ತಾರೆ. ಚಹಾದ ಹಾಲು ತೊಂದರೆ ಕೊಡದೆ ಪೇಢೆ ತೊಂದರೆ ಕೊಡುವುದಕ್ಕೆ ಕಾರಣ ಖೋವಾ: ನಾಲ್ಕೈದು ಲೀಟರ್ ಹಾಲಿನ ಸಕ್ಕರೆ ಒಂದು ಕಿಲೋದಲ್ಲಿ ಕೂತಿರುತ್ತದೆ. ಮೊಸರಾಗುವಾಗ ಸ್ವಲ್ಪ ಲ್ಯಾಕ್ಟೋಸ್ ಕರಗುತ್ತದೆ, ಮೊಸರಿನ ಜೀವಾಣುಗಳು ಹೊಟ್ಟೆಯೊಳಗೂ ಆ ಕೆಲಸ ಮುಂದುವರಿಸುತ್ತವೆ. ಹಾಲು ಆಗದವರಿಗೆ ಮಜ್ಜಿಗಿ ಆಗುವುದು ಅದಕ್ಕೇ.

ಹೊಟ್ಟೆ ತುಂಬುವ ಲೆಕ್ಕ ಕ್ಯಾಲೊರಿಯ ಲೆಕ್ಕಕ್ಕಿಂತ ಬೇರೆ. ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 1995ರಲ್ಲಿ 38 ತಿನಿಸುಗಳನ್ನು ಸಮಾನ ಕ್ಯಾಲೊರಿಯ ಪಾಲುಗಳಲ್ಲಿ ಉಣಿಸಿ ತೃಪ್ತಿಯನ್ನು ಅಳೆದರು. ಬಿಳಿ ಬ್ರೆಡ್ಡಿಗೆ 100 ಅಂಕವಾದರೆ ಬೇಯಿಸಿದ ಆಲೂಗಡ್ಡೆಗೆ 323, ಬೆಣ್ಣೆ ತುಂಬಿದ ಕ್ರೊಸಾಂಗೆ 47. ನೀರು, ನಾರು, ಪ್ರೋಟೀನು ಇದ್ದದ್ದು ತುಂಬಿಸಿತು. ಕೊಬ್ಬು ಹೆಚ್ಚಿದ್ದು ತುಂಬಿಸಲಿಲ್ಲ. ಚುರಮುರಿ ಸುಸಲಾ ತಿಂದವರಿಗೆ ಹನ್ನೊಂದಕ್ಕೇ ಹಸಿವಾಗುವುದೂ, ಎರಡು ರೊಟ್ಟಿ, ಒಂದು ಬಟ್ಟಲು ಬ್ಯಾಳಿ, ಪಲ್ಯ ಉಂಡವರು ಮಧ್ಯಾಹ್ನ ದಾಟಿಸುವುದೂ ಇದೇ ಲೆಕ್ಕದಲ್ಲಿ. ಕಡಕ್ ರೊಟ್ಟಿಯಲ್ಲಿ ನೀರು ಆರಿಹೋಗಿರುವುದರಿಂದ ಎಷ್ಟು ತಿಂದದ್ದೆಂದು ತಿಳಿಯುವುದೇ ಇಲ್ಲ. ಮಜ್ಜಿಗಿಯಲ್ಲಿ ನೆನೆಸಿ ಉಂಡರೆ ತಿಳಿಯುತ್ತದೆ. ಒಂದು ಸಾಧಾರಣ ರೊಟ್ಟಿಗೆ 60-70 ಗ್ರಾಂ ಹಿಟ್ಟು ಬೇಕು. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2,000 ಕ್ಯಾಲೊರಿಯ ದಿನಕ್ಕೆ ಸೂಚಿಸುವ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ. ಅಂದರೆ ಕೂತು ಕೆಲಸ ಮಾಡುವವರಿಗೆ ದಿನಕ್ಕೆ ನಾಲ್ಕು ರೊಟ್ಟಿ ಆದಮೇಲೆ ಅನ್ನಕ್ಕೆ ಜಾಗವಿಲ್ಲ. ಹೊಲದಲ್ಲಿ ದುಡಿಯುವವರ ಲೆಕ್ಕ ಬೇರೆ. ರೊಟ್ಟಿಯನ್ನು ಆರಕ್ಕೇರಿಸಿ ಬ್ಯಾಳಿಯನ್ನು ಅಷ್ಟೇ ಇಡುವ ಮನೆಗಳಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಗೋಧಿ ಆಗದವರಿಗೆ ಕಷ್ಟದ ದಿನಗಳು ಹಬ್ಬದವು. ಹೋಳಿಗೆ, ಹುಗ್ಗಿ, ಶಾವಿಗಿ, ಕರಿಗಡಬು ಎಲ್ಲವೂ ಗೋಧಿಯವೇ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬೇರೆ. ಆ ದಿನ ಹೊಲಕ್ಕೆ ಹೋಗುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಅಂಬಲಿ, ನಡುವೆ ಭಜ್ಜಿ. ಬೀದರಿನ ಭಜ್ಜಿಯನ್ನು ಎಣ್ಣೆಯಲ್ಲಿ ಕರಿಯುವುದಿಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಕಡಲೆಯ ಕಾಳು, ಮೆಂತೆ, ಬದನೆ, ಗಜ್ಜರಿ, ಹಸಿ ಉಳ್ಳಾಗಡ್ಡಿ, ಶೇಂಗಾ, ಆ ವಾರ ಹೊಲ-ಸಂತೆಯಲ್ಲಿ ಸಿಕ್ಕಿದ್ದೆಲ್ಲವನ್ನೂ ಹುಣಸೆಹುಳಿಯಲ್ಲಿ ಬೇಯಿಸಿ ಕಡಲೆಹಿಟ್ಟು ಕೂಡಿಸಿ ಗಟ್ಟಿ ಮಾಡುತ್ತಾರೆ. ಅಂಬಲಿಯ ಜೋಳ ಮಜ್ಜಿಗಿಯಲ್ಲಿ ಹುಳಿತಿರುತ್ತದೆ. ಬೇಯಿಸಿದಾಗ ಅರಗಲು ಕಠಿಣವಾಗುವ ಜೋಳದ ಪ್ರೋಟೀನನ್ನು ಆ ಹುಳಿ ಸಡಿಲಗೊಳಿಸುತ್ತದೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದವರು ಕೂತ ಸಾಲಿನಲ್ಲಿ ಸೀಲಿಯಕ್ ಇರುವ ಮಗುವಿದ್ದರೆ ಹೋಳಿಗೆ ತಂದಿದ್ದಲ್ಲಿ ಅದನ್ನು ಬೇರೆ ಬುಟ್ಟಿಯಲ್ಲಿಟ್ಟು, ಭಜ್ಜಿಯ ಒಗ್ಗರಣೆಗೆ ಡಬ್ಬಿ ಇಂಗು ಬಿದ್ದಿಲ್ಲವೆಂದೂ ಸಜ್ಜಿ, ಜೋಳ, ಕಡಲೆ ಯಾವುದೂ ಗೋಧಿಯ ಹಿಂದೆ ಬೀಸಿದ್ದಲ್ಲವೆಂದೂ ಖಾತ್ರಿ ಮಾಡಿಕೊಂಡರೆ, ಆ ಮಗುವೂ ಉಳಿದವರ ತಾಟಿನಲ್ಲಿರುವುದನ್ನೇ ಉಣ್ಣಬಹುದು.