ಛಾಯಾಚಿತ್ರ ಮತ್ತು ಸಾಧಾರಣೀಕರಣ

1888ರಲ್ಲಿ ಕೊಡಕ್ ಕ್ಯಾಮೆರಾ ಬಂದು ಚಿತ್ರ ತೆಗೆಯುವ ಕೆಲಸವನ್ನು ಸಾಮಾನ್ಯರ ಕೈಗಿತ್ತಿತು; ಇಂದು ಮೊಬೈಲುಳ್ಳವರೆಲ್ಲರೂ ಚಿತ್ರಗ್ರಾಹಕರೇ. ಆದುದರಿಂದ ಕಲಾಚಿತ್ರವನ್ನು ನಿತ್ಯದ ಚಿತ್ರದಿಂದ ಬೇರ್ಪಡಿಸುವ ಲಕ್ಷಣವನ್ನು ಉಪಕರಣದಲ್ಲಿ ಅರಸಿ ಫಲವಿಲ್ಲ. ರಸವಿಚಾರದಲ್ಲಿ ಭಟ್ಟನಾಯಕನು ಪ್ರತಿಪಾದಿಸಿದ ಸಾಧಾರಣೀಕರಣ ತತ್ತ್ವವು ಇಲ್ಲಿ ನಮಗೆ ನೆರವಾಗುತ್ತದೆ. ಒಬ್ಬನದಾದ ಭಾವವು ಅವನದೆಂಬ ಗಡಿಯನ್ನು ದಾಟಿ ಸಹೃದಯರೆಲ್ಲರ ಅನುಭವಕ್ಕೆ ಒದಗುವುದೇ ಸಾಧಾರಣೀಕರಣ.

ಶೃಂಗೇರಿ ಸೀಮೆಯ ಅಡ್ಡಗದ್ದೆಯಂತಹ ಊರಿನ ಮನೆಯೊಂದನ್ನು ಭಾವಿಸೋಣ. ಮೆಟ್ಟುಗತ್ತಿಯ ಮುಂದೆ ಅಡಕೆ ಸುಲಿಯುತ್ತ ಅಜ್ಜಿ ಕುಳಿತಿದ್ದಾರೆ. ಮೊಮ್ಮಗನು ಚಿತ್ರ ತೆಗೆಯುತ್ತಾನೆ. ಅದು ಓರೆಯಾಗಿರಬಹುದು, ಮುಖ ನೆರಳಿನಲ್ಲಿರಬಹುದು. ಆದರೂ ಮನೆಯವರಿಗೆ ಅದು ಅಮೂಲ್ಯ. ಚಿತ್ರದಲ್ಲಿಲ್ಲದುದನ್ನು ಅವರ ನೆನಪೇ ತುಂಬಿಕೊಡುತ್ತದೆ. ಇದು ಆ ಚಿತ್ರದ ದೋಷವಲ್ಲ, ಅದರ ಧರ್ಮ. ಕಲಾಚಿತ್ರಕ್ಕಾದರೋ ಈ ಆಸರೆಯಿಲ್ಲ. ಅಜ್ಜಿಯನ್ನರಿಯದ ಸಹೃದಯನಿಗೆ ಬೇಕಾದುದೆಲ್ಲವೂ ಚೌಕಟ್ಟಿನೊಳಗೇ ಇರಬೇಕು: ಅಲಗಿನ ಮೇಲಣ ಬೆಳಕು, ಬೆರಳುಗಳ ಪಳಗಿದ ಬಾಗು, ಆ ಕ್ಷಣವನ್ನು ಕಾದು ಹಿಡಿದ ಕಣ್ಣು.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಆರಿಸಿಕೊಂಡ ವಸ್ತುವೂ ಅಪೂರ್ವವಾದುದಲ್ಲ. ಮಕ್ಕಳು, ಸಾಮಾನ್ಯ ಜನರು, ಅವರ ದಿನನಿತ್ಯದ ಬಾಳು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಆ ಮಕ್ಕಳ ಹೆಸರನ್ನಾಗಲಿ ಊರನ್ನಾಗಲಿ ಅರಿಯದವರ ಮುಂದೆಯೂ ನಿಲ್ಲಬಲ್ಲ ಚಿತ್ರಗಳವು. ಅಲ್ಲಿ ವಿಶೇಷವು ಅಳಿಯಲಿಲ್ಲ, ವಿಶೇಷವಾಗಿದ್ದುಕೊಂಡೇ ಸಾಧಾರಣವಾಯಿತು.

ಈ ಮಾತನ್ನು ಮರೆತರೆ ಬರಿಯ ಸೊಗಸನ್ನೇ ಕಲೆಯೆಂದು ಬಗೆಯುವ ಭ್ರಾಂತಿ ಹುಟ್ಟುತ್ತದೆ. ಮಂಜು ಮುಸುಕಿದ ಬೆಟ್ಟ, ತುಂಗೆಯ ಮೇಲಣ ಹೊಂಬಿಸಿಲು—ಮಲೆನಾಡಿನ ಇಂತಹ ಚಿತ್ರಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹಲವು ಯಾವ ಬೆಟ್ಟದವಾದರೂ, ಯಾವ ಹೊಳೆಯವಾದರೂ ಆದಾವು. ವಿಶೇಷವೇ ಇಲ್ಲದೆಡೆ ಸಾಧಾರಣವಾಗುವುದಾದರೂ ಏನು? ಅವಕ್ಕಿಂತ ಅಜ್ಜಿಯ ಓರೆಚಿತ್ರವೇ ಕಲೆಗೆ ಹತ್ತಿರವಾದುದೆಂದು ನಮ್ಮ ಅಭಿಪ್ರಾಯ. ದಾಟಬೇಕಾದ ಗಡಿಯಾದರೂ ಅಲ್ಲಿದೆ.

ಈ ವಿವೇಚನೆಯಿಂದ ಒಂದು ಕರ್ತವ್ಯವೂ ಒದಗುತ್ತದೆ. ಕಲಾಚಿತ್ರವು ತನ್ನ ಮಾತನ್ನು ತಾನೇ ಆಡಬಲ್ಲುದು. ಮನೆಯ ಚಿತ್ರದ ಮಾತು ಅದನ್ನು ಬಲ್ಲವರ ನಾಲಗೆಯಲ್ಲಿದೆ. ಅವರು ತೀರಿಕೊಂಡೊಡನೆ ಅದು ಮೂಕವಾಗುತ್ತದೆ. ಹೆಸರು, ಊರು, ವರ್ಷಗಳನ್ನು ಬಲ್ಲವರಿರುವಾಗಲೇ ಬರೆಯಿಸಿಟ್ಟುಕೊಂಡರೆ, ಕಲೆಯಲ್ಲದ ಆ ಚಿತ್ರವೂ ನಾಡಿನ ಚರಿತ್ರೆಗೆ ಸಾಕ್ಷಿಯಾಗಿ ಉಳಿದೀತು.