ಕ್ಲಿಕ್ಕಿನ ಖರ್ಚು ಯಾರದು, ಕಮಿಷನ್ ಯಾರಿಗೆ?

ನ್ಯೂಜೆರ್ಸಿಯ ಮನ್ರೋದಲ್ಲಿರುವ ಕನ್ನಡದ ಮನೆಗೆ ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬರುವುದು ಗಟ್ಟಿಯಾದರೆ, ಟಿಕೆಟ್ಟಿನ ಬೆನ್ನಿಗೇ ಏಳುವ ಮಾತು ಆರೋಗ್ಯ ವಿಮೆಯದು. ಮಗನೋ ಸೊಸೆಯೋ ಫೋನು ತೆಗೆದು 'ವಿಸಿಟರ್ ಇನ್ಶೂರೆನ್ಸ್ ಫಾರ್ ಪೇರೆಂಟ್ಸ್' ಎಂದು ಹುಡುಕುತ್ತಾರೆ. ಮೊದಲು ಕಾಣುವ ಸಾಲುಗಳ ಮೇಲೆ 'ಸ್ಪಾನ್ಸರ್ಡ್' ಎಂಬ ಸಣ್ಣ ಪದವಿರುತ್ತದೆ. ಆ ಜಾಗಕ್ಕೆ ದುಡ್ಡು ಕೊಟ್ಟವರೆಲ್ಲ ವಿಮಾ ಕಂಪನಿಯವರೇ ಆಗಿರಬೇಕಿಲ್ಲ. ಕೆಲವರು ಏಜೆಂಟರು. ಇನ್ನು ಕೆಲವರು ಗಿರಾಕಿಯನ್ನು ಏಜೆಂಟರ ಬಾಗಿಲಿಗೆ ತಲುಪಿಸಿ, ಅದಕ್ಕೆ ಹಣ ಪಡೆಯುವ ಮಧ್ಯವರ್ತಿಗಳು, ಅಂದರೆ ಅಫಿಲಿಯೇಟ್‌ಗಳು. ಬೇರೆಯವರ ಸರಕಿಗೆ ತಮ್ಮ ಕೈಯಿಂದ ಜಾಹೀರಾತು ಕೊಟ್ಟು ಕಮಿಷನ್ನಿನಲ್ಲಿ ಲಾಭ ಹುಡುಕುವ ಈ ವ್ಯವಹಾರಕ್ಕೆ ಈಗ ಕಾಲು ಶತಮಾನ ದಾಟಿದೆ. ಇದರಿಂದ ಕೊಳ್ಳುವವರಿಗೆ ಏನು ಸಿಕ್ಕಿತು ಎಂದು ಕೇಳುವುದಕ್ಕೆ ಅಷ್ಟು ಕಾಲ ಸಾಕು.

ಮೊದಲು ಲೆಕ್ಕ. ಅಫಿಲಿಯೇಟ್ ಪ್ರತಿ ಕ್ಲಿಕ್ಕಿಗೂ ಸರ್ಚ್ ಎಂಜಿನ್ನಿಗೆ ದುಡ್ಡು ಕಟ್ಟಬೇಕು. ಕಮಿಷನ್ ಬರುವುದು ಮಾರಾಟವಾದರೆ ಮಾತ್ರ. ಕ್ಲಿಕ್ಕಿಗೆ ಒಂದೂವರೆ ಡಾಲರ್ ಎಂದಿಟ್ಟುಕೊಂಡರೆ ನೂರು ಕ್ಲಿಕ್ಕಿಗೆ 150 ಡಾಲರ್. ನೂರರಲ್ಲಿ ಇಬ್ಬರು ಕೊಂಡು, ಒಬ್ಬೊಬ್ಬರಿಂದ 40 ಡಾಲರ್ ಕಮಿಷನ್ ಬಂದರೆ ಕೈಗೆ 80. ಎಪ್ಪತ್ತು ಡಾಲರ್ ಹೋಯಿತು. ನಾಲ್ವರು ಕೊಂಡರೆ ಹತ್ತು ಡಾಲರ್ ಉಳಿಯಿತು. ಇಬ್ಬರಿಂದ ನಾಲ್ವರಿಗೆ ಏರುವುದರಲ್ಲೇ ಈ ಕಸುಬಿನ ಕಷ್ಟವೆಲ್ಲ ಇದೆ. ಮಾರಿದ ಸರಕು ವಾಪಸ್ಸು ಬಂದರೆ ಬಂದ ಕಮಿಷನ್ನೂ ವಾಪಸ್ಸು. ಕ್ಲಿಕ್ಕಿಗೆ ಕಟ್ಟಿದ ದುಡ್ಡು ಮಾತ್ರ ಮರಳುವುದಿಲ್ಲ. ಅದರ ಮೇಲೆ, ಕ್ಲಿಕ್ಕಿನ ದರ ಹರಾಜಿನಲ್ಲಿ ನಿಲ್ಲುತ್ತದೆ. ಒಂದು ಆಫರಿನಲ್ಲಿ ಲಾಭವಿದೆ ಎಂದು ಸುಳಿವು ಸಿಕ್ಕಿದರೆ ಇನ್ನೂ ಹತ್ತು ಮಂದಿ ಅದೇ ಕೀವರ್ಡಿಗೆ, ಅಂದರೆ ಹುಡುಕುವ ಪದಕ್ಕೆ, ಬಿಡ್ ಹಾಕುತ್ತಾರೆ, ದರ ಏರುತ್ತ ಹೋಗಿ ಕಮಿಷನ್ನನ್ನೇ ನುಂಗುತ್ತದೆ. ಸರ್ಚ್ ಎಂಜಿನ್ನಿಗೆ ಮಾರಾಟವಾದರೂ ಆಗದಿದ್ದರೂ ದುಡ್ಡು ಬಂದೇ ಬರುತ್ತದೆ. ವ್ಯಾಪಾರಿ ಮಾರಾಟವಾದ ಮೇಲೆ ಕೊಟ್ಟರೆ ಸಾಕು. ನಷ್ಟದ ಭಾರವೆಲ್ಲ ನಡುವೆ ನಿಂತವರ ಹೆಗಲ ಮೇಲೆ. ಈ ಏರ್ಪಾಟಿನ ಮೂಲ ದೋಷ ಇಲ್ಲಿದೆ, ಮುಂದಿನ ಕೆಡುಕುಗಳೆಲ್ಲ ಹುಟ್ಟಿದ್ದೂ ಇಲ್ಲಿಂದಲೇ.

ಕ್ಲಿಕ್ಕನ್ನು ಹರಾಜು ಹಾಕುವ ಪದ್ಧತಿಯನ್ನು ಚಾಲ್ತಿಗೆ ತಂದದ್ದು ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್, 1998ರಲ್ಲಿ. ಓವರ್ಚರ್ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿಯನ್ನು ಯಾಹೂ 2003ರಲ್ಲಿ ಕೊಂಡುಕೊಂಡಿತು. ಗೂಗಲ್ಲಿನ ಆಡ್‌ವರ್ಡ್ಸ್ 2000ದ ಅಕ್ಟೋಬರಿನಲ್ಲಿ ಬಂತು, 2002ರಲ್ಲಿ ಕ್ಲಿಕ್ಕಿನ ಹರಾಜಿಗೆ ತಿರುಗಿತು. ಅಫಿಲಿಯೇಟ್ ಪದ್ಧತಿ ಇದಕ್ಕಿಂತ ಹಳೆಯದು. ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆಯನ್ನು ಶುರು ಮಾಡಿದ್ದು 1996ರ ಜುಲೈನಲ್ಲಿ. ಅದೇ ವರ್ಷ ಮನ್ರೋದಿಂದ ಬಸ್ಸಿನ ದೂರದಲ್ಲಿರುವ ನ್ಯೂಯಾರ್ಕ್ ನಗರದಲ್ಲಿ ಸ್ಟೀಫನ್ ಮತ್ತು ಹೈಡಿ ಮೆಸರ್ ಎಂಬ ಒಡಹುಟ್ಟಿದವರು ಲಿಂಕ್‌ಶೇರ್ ಕಟ್ಟಿದರು. ವ್ಯಾಪಾರಿಯನ್ನೂ ಅಫಿಲಿಯೇಟನ್ನೂ ಜೋಡಿಸಿ ಕಮಿಷನ್ನಿನ ಲೆಕ್ಕ ಇಡುವುದು ಅದರ ಕೆಲಸ. 2005ರಲ್ಲಿ ಜಪಾನಿನ ರಾಕುಟೆನ್ ಅದನ್ನು 42.5 ಕೋಟಿ ಡಾಲರಿಗೆ ಕೊಂಡಿತು. ಹರಾಜು ಮತ್ತು ಕಮಿಷನ್ ಎಂಬ ಎರಡು ವ್ಯವಸ್ಥೆಗಳು ಕೂಡಿದಾಗ ಹುಟ್ಟಿದ್ದೇ ಈ ದಂಧೆ.

ಮೊದಮೊದಲು ಕೆಲಸ ಸುಲಭವಾಗಿತ್ತು. ಅಫಿಲಿಯೇಟ್ ಒಂದು ಜಾಹೀರಾತು ಬರೆದು ಅದರ ಕೊಂಡಿಯನ್ನು ನೇರ ವ್ಯಾಪಾರಿಯ ಅಂಗಡಿಗೇ ಕೊಟ್ಟುಬಿಡಬಹುದಿತ್ತು. ತನ್ನದೊಂದು ಪುಟವೂ ಬೇಕಿರಲಿಲ್ಲ. ಒಂದೇ ಹುಡುಕಾಟಕ್ಕೆ ಒಂದೇ ಅಂಗಡಿಯ ನಾಲ್ಕಾರು ಜಾಹೀರಾತುಗಳು ಸಾಲಾಗಿ ಕಾಣತೊಡಗಿದಾಗ, 2005ರ ಜನವರಿಯಲ್ಲಿ ಗೂಗಲ್ ಒಂದು ಹುಡುಕಾಟಕ್ಕೆ ಒಂದು ವಿಳಾಸದ ಒಂದೇ ಜಾಹೀರಾತು ಎಂದು ನಿಯಮ ಮಾಡಿತು. 2009ರ ಮೇ 1ರಿಂದ ಅಮೆಜಾನ್ ಉತ್ತರ ಅಮೆರಿಕದಲ್ಲಿ ದುಡ್ಡು ಕೊಟ್ಟು ಕೊಂಡ ಸರ್ಚ್ ಜಾಹೀರಾತಿನಿಂದ ನೇರ ಬರುವ ಗಿರಾಕಿಗೆ ಕಮಿಷನ್ ಕೊಡುವುದನ್ನೇ ನಿಲ್ಲಿಸಿತು. ಇಂದು ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯ 8ಎ ಎಕ್ಸಿಟ್ಟಿನ ಸುತ್ತ, ಮನ್ರೋ, ಕ್ರ್ಯಾನ್‌ಬರಿ, ಸೌತ್ ಬ್ರನ್ಸ್‌ವಿಕ್‌ಗಳ ನಡುವೆ, ಮೈಲಿಗಟ್ಟಲೆ ಗೋದಾಮುಗಳು ನಿಂತಿವೆ. ಅಲ್ಲಿಂದ ಹೊರಡುವ ಪೊಟ್ಟಣಗಳ ಬೆಲೆಯಲ್ಲಿ ಮಧ್ಯವರ್ತಿಗೆ ಪಾಲು ಕೊಡುವ ಮುನ್ನ, ಈ ಮಾರಾಟಕ್ಕೆ ಇವರು ನಿಜಕ್ಕೂ ಕಾರಣರೇ ಎಂದು ಕೇಳುವುದು ವ್ಯಾಪಾರಿಯ ಹಕ್ಕು.

ಆ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಬಂದದ್ದು ಇಬೇಯಿಂದ. 2012ರ ಮಾರ್ಚಿನಲ್ಲಿ ಇಬೇ ತನ್ನ ಹೆಸರಿನ ಕೀವರ್ಡುಗಳಿಗೆ ಯಾಹೂ ಮತ್ತು ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ನುಗಳಲ್ಲಿ ಬಿಡ್ ಹಾಕುವುದನ್ನು ನಿಲ್ಲಿಸಿ ನೋಡಿತು. ಜಾಹೀರಾತು ಹೋದ ಮೇಲೆ ಆ ಕ್ಲಿಕ್ಕುಗಳಲ್ಲಿ ಶೇ 99.5ರಷ್ಟು ಕೆಳಗಿನ ಸಾಮಾನ್ಯ ಫಲಿತಾಂಶದ ಮೂಲಕ ಬಿಟ್ಟಿಯಾಗಿಯೇ ಬಂದವು. ಅರ್ಥಶಾಸ್ತ್ರಜ್ಞರಾದ ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೋ, ಸ್ಟೀವನ್ ಟಾಡೆಲಿಸ್ ಈ ಪ್ರಯೋಗವನ್ನು 2015ರಲ್ಲಿ 'ಇಕನೊಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಇನ್ನೊಂದು ಮಾತನ್ನು ಜನ ಅಷ್ಟಾಗಿ ನೆನೆಯುವುದಿಲ್ಲ: ಇಬೇಗೆ ಹೊಸಬರಾದ, ಅಪರೂಪಕ್ಕೆ ಬರುವ ಗಿರಾಕಿಗಳ ಮೇಲೆ, ಕಂಪನಿಯ ಹೆಸರಿಲ್ಲದ ಕೀವರ್ಡುಗಳ ಜಾಹೀರಾತು ಪರಿಣಾಮ ಬೀರಿತ್ತು. ಮೊದಲೇ ಪರಿಚಯವಿದ್ದವರ ಮೇಲೆ ಬೀರಲಿಲ್ಲ.

ಈ ವ್ಯತ್ಯಾಸವೇ ಅಫಿಲಿಯೇಟ್ ಜಾಹೀರಾತನ್ನು ಅಳೆಯಲು ಸರಿಯಾದ ಅಳತೆಗೋಲು. ಅಂಗಡಿಯ ಹೆಸರನ್ನೇ ಬರೆದು ಹುಡುಕುವವರು ಆಗಲೇ ಅಂಗಡಿಗೆ ಹೊರಟವರು. ಅವರ ದಾರಿಗೆ ಅಡ್ಡ ಬಂದು, ಜೊತೆಗೆ ಎರಡು ಹೆಜ್ಜೆ ಹಾಕಿ, ಕರೆತಂದದ್ದು ನಾನೇ ಎಂದು ಕಮಿಷನ್ ಕೇಳುವುದು ಸೇವೆಯಲ್ಲ. ಇದನ್ನು ಕಸುಬಿನವರು 'ಬ್ರ್ಯಾಂಡ್ ಬಿಡ್ಡಿಂಗ್' ಎನ್ನುತ್ತಾರೆ. ಹಲವು ಕಂಪನಿಗಳು ತಮ್ಮ ಒಪ್ಪಂದದಲ್ಲೇ ಇದನ್ನು ನಿಷೇಧಿಸಿವೆ. ಆದರೂ ನಡೆಯುತ್ತದೆ, ಏಕೆಂದರೆ ಇಲ್ಲಿ ಕೊಳ್ಳುವವರ ಪ್ರಮಾಣ ಹೆಚ್ಚು, ಲೆಕ್ಕ ಬೇಗ ಕೂಡಿಬರುತ್ತದೆ.

ಪ್ರತಿಸ್ಪರ್ಧಿಯ ಹೆಸರಿಗೆ ಬಿಡ್ ಹಾಕುವುದು ಬೇರೆಯೇ ಸಂಗತಿ. ಕಾಂಟ್ಯಾಕ್ಟ್ ಲೆನ್ಸ್ ಮಾರುವ 1-800 ಕಾಂಟ್ಯಾಕ್ಟ್ಸ್ ಎಂಬ ಕಂಪನಿ ಅದೇ ವ್ಯಾಪಾರದ ಲೆನ್ಸ್ ಡಾಟ್ ಕಾಮ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ 2013ರ ಜುಲೈನಲ್ಲಿ ತೀರ್ಪು ಕೊಟ್ಟಿತು. ತಕರಾರಿನ ಒಂಬತ್ತು ಕೀವರ್ಡುಗಳಿಂದ ಎಂಟು ತಿಂಗಳಲ್ಲಿ ಜಾಹೀರಾತು ಕಾಣಿಸಿದ್ದು 1,626 ಸಲ, ಕ್ಲಿಕ್ ಆದದ್ದು 25 ಸಲ. ಜನ ಮೋಸಹೋದರು ಎನ್ನಲು ಅಷ್ಟು ಸಾಲದು ಎಂದಿತು ನ್ಯಾಯಾಲಯ. ಆದರೆ ಒಬ್ಬ ಅಫಿಲಿಯೇಟ್ ಪ್ರತಿಸ್ಪರ್ಧಿಯ ಹೆಸರನ್ನು ಜಾಹೀರಾತಿನ ಒಕ್ಕಣೆಯಲ್ಲೇ ಬಳಸಿದ್ದು ಗೊತ್ತಾದ ಮೇಲೂ ಕಂಪನಿ ತಡಮಾಡಿದ್ದಕ್ಕೆ ಅದು ಹೊಣೆಯಾಗಬಹುದು ಎಂದು ಆ ಭಾಗವನ್ನು ಮರುವಿಚಾರಣೆಗೆ ಕಳಿಸಿತು. ಭಾರತದಲ್ಲಿ ಅಗರ್‌ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಹೆಸರಿನ ವಿವಾದದಲ್ಲಿ ದೆಹಲಿ ಹೈಕೋರ್ಟ್ 2023ರ ಆಗಸ್ಟಿನಲ್ಲಿ ಇಂಥದೇ ಗೆರೆ ಎಳೆಯಿತು. ಕೀವರ್ಡಾಗಿ ಬಳಸಿದ ಮಾತ್ರಕ್ಕೆ ತಪ್ಪಲ್ಲ, ಗೊಂದಲ ಹುಟ್ಟಿಸಿದರೆ ತಪ್ಪು, ಈ ವ್ಯವಹಾರದಲ್ಲಿ ಗೂಗಲ್ ಬರೀ ನೋಡುತ್ತ ಕೂತ ಮಧ್ಯವರ್ತಿಯಲ್ಲ ಎಂದು. ಎರಡೂ ತೀರ್ಪುಗಳು ಒಪ್ಪುವಂಥವು. ಇನ್ನೊಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಕೊಳ್ಳುವವರಿಗೆ ತಿಳಿಸುವುದು ಉಪಕಾರವೇ. ಹೆಸರು ಕದಿಯುವುದು ಉಪಕಾರವಲ್ಲ.

ಹಾಗಾದರೆ ಈ ಪದ್ಧತಿಯಿಂದ ಒಳ್ಳೆಯದು ಆಗುವುದೇ ಇಲ್ಲವೇ? ಆಗುತ್ತದೆ, ಅದಕ್ಕೆ ಸಂದರ್ಶಕರ ವಿಮೆಯೇ ಒಳ್ಳೆಯ ಉದಾಹರಣೆ. ಈ ವಿಮೆಯಲ್ಲಿ ಎರಡು ಬಗೆ. ಒಂದರಲ್ಲಿ ವೈದ್ಯರ ಭೇಟಿಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಮೊತ್ತ ಗೊತ್ತುಮಾಡಿರುತ್ತಾರೆ. ಪ್ರೀಮಿಯಂ ಅಗ್ಗ, ಆದರೆ ಅಮೆರಿಕದ ಆಸ್ಪತ್ರೆಯ ಬಿಲ್ಲಿನ ಮುಂದೆ ಆ ಮೊತ್ತ ಏನೇನೂ ಸಾಲದು. ಇನ್ನೊಂದರಲ್ಲಿ, ಮೊದಲ ಭಾಗವನ್ನು ನಾವು ಕಟ್ಟಿದ ಮೇಲೆ ಬಿಲ್ಲಿನ ಬಹುಪಾಲನ್ನು ಪಾಲಿಸಿಯ ಮಿತಿಯವರೆಗೆ ವಿಮೆ ಕೊಡುತ್ತದೆ; ಪ್ರೀಮಿಯಂ ದುಬಾರಿ. ಬಿಪಿ, ಸಕ್ಕರೆ ಕಾಯಿಲೆಯಂಥ ಮೊದಲೇ ಇದ್ದ ತೊಂದರೆಗಳಿಗೆ ಸಾಮಾನ್ಯವಾಗಿ ರಕ್ಷಣೆಯಿಲ್ಲ. ಅವು ಹಠಾತ್ತನೆ ಉಲ್ಬಣಿಸಿದರೆ ಕೆಲವು ಪಾಲಿಸಿಗಳು ಒಂದು ಮಿತಿಯವರೆಗೆ ಕೊಡುತ್ತವೆ, ಅದಕ್ಕೂ ಹಲವು ಕಡೆ ವಯಸ್ಸಿನ ಗಡಿ ಇದೆ. ಎಪ್ಪತ್ತೆರಡರ ತಂದೆಗೆ ಸಕ್ಕರೆ ಕಾಯಿಲೆ ಇದ್ದರೆ ಮನೆಯವರಿಗೆ ಬೇಕಾದ ಮಾಹಿತಿ ಇದು. ಇದನ್ನು ಬಿಡಿಸಿ ಬರೆದು, ಆ ಪುಟಕ್ಕೆ ಜಾಹೀರಾತು ಕೊಟ್ಟು, ಕೊನೆಗೆ ಲೈಸೆನ್ಸ್ ಇರುವ ಏಜೆಂಟರ ಕೊಂಡಿ ಇಟ್ಟವರು ತಮ್ಮ ಪಾಲನ್ನು ದುಡಿದು ಸಂಪಾದಿಸಿದ್ದಾರೆ. ಲೈಸೆನ್ಸ್ ಇಲ್ಲದವರು ವಿಮೆ ಮಾರುವಂತಿಲ್ಲ, ಇಂಥ ಪಾಲಿಸಿಯನ್ನೇ ತೆಗೆದುಕೊಳ್ಳಿ ಎಂದು ಒತ್ತಾಯಿಸುವಂತಿಲ್ಲ ಎಂಬ ಎಚ್ಚರ ಅವರಿಗಿರಬೇಕು.

ಇಂಥ ಪುಟವನ್ನು ನಡೆಸುವುದು ಬಿಡುವಿನ ವೇಳೆಯ ಕೆಲಸವಲ್ಲ. ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಿಸಿತು ಎಂಬ ಪಟ್ಟಿಯನ್ನು ತೆರೆದು ಸಾಲು ಸಾಲು ಓದಬೇಕು. ಅಲ್ಲಿ 'ಕ್ಲೇಮ್ ಸ್ಟೇಟಸ್' ಎಂದು ಹುಡುಕಿದವರು ಇರುತ್ತಾರೆ. ಅವರು ಆಗಲೇ ಪಾಲಿಸಿ ಕೊಂಡವರು. 'ಜಾಬ್ಸ್' ಎಂದವರು ಕೆಲಸ ಹುಡುಕುವವರು. 'ರೀಫಂಡ್' ಎಂದವರು ಪಾಲಿಸಿ ಬಿಡುವವರು. ಒಂದೊಂದನ್ನೂ ನೆಗೆಟಿವ್ ಕೀವರ್ಡ್ ಎಂದು ಸೇರಿಸಿ ತಡೆಯದಿದ್ದರೆ ಇವರ ಕ್ಲಿಕ್ಕುಗಳಿಗೆಲ್ಲ ದುಡ್ಡು ಕಟ್ಟಬೇಕಾಗುತ್ತದೆ. ಹೊಸಬರ ಗಂಟು ಕರಗುವುದು ಹೆಚ್ಚಾಗಿ ಇಲ್ಲೇ, ಕಣ್ಣಿಗೆ ಕಾಣದ ಸಣ್ಣ ಸೋರಿಕೆಯಲ್ಲಿ. ಗಿರಾಕಿಯನ್ನು ಬೇರೆಡೆಗೆ ದಾಟಿಸಲೆಂದೇ ಕಟ್ಟಿದ ಖಾಲಿ ಪುಟಗಳಿಗೆ ಗೂಗಲ್ಲಿನ ನಿಯಮದಲ್ಲೂ ಅವಕಾಶವಿಲ್ಲ.

ದುಡಿಮೆ ಬೇಡವೆಂದವರು ಸುಳ್ಳಿಗೆ ಇಳಿದರು. ಫೆಡರಲ್ ಟ್ರೇಡ್ ಕಮಿಷನ್ 2011ರ ಏಪ್ರಿಲ್‌ನಲ್ಲಿ ಅಸಾಯಿ ಹಣ್ಣಿನ ತೂಕ ಇಳಿಸುವ ಮಾತ್ರೆಗಳಿಗೆ ಜಾಹೀರಾತು ಮಾಡುತ್ತಿದ್ದ ಹತ್ತು ಗುಂಪುಗಳ ಮೇಲೆ ಮೊಕದ್ದಮೆ ಹೂಡಿತು. ಅವರ ಪುಟಗಳು ಥೇಟು ಸುದ್ದಿವಾಹಿನಿಯಂತೆ ಇದ್ದವು: ವರದಿಗಾರರ ಚಿತ್ರ, ತಾನೇ ತಿಂದು ನೋಡಿದೆನೆಂಬ ವರದಿ. ಎಲ್ಲವೂ ಸೃಷ್ಟಿ. ಅದೇ ಬಗೆಯ ಲೀನ್‌ಸ್ಪಾ ಪ್ರಕರಣದಲ್ಲಿ ಉಚಿತ ಪ್ರಯೋಗ ಎಂದು ನಂಬಿ ಅಂಚೆವೆಚ್ಚ ಮಾತ್ರ ಕಟ್ಟಿದವರ ಕಾರ್ಡಿನಿಂದ ತಿಂಗಳು ತಿಂಗಳೂ 79.99 ಡಾಲರ್ ಹೋಗುತ್ತಿತ್ತು. ಅದಕ್ಕೆ ಅಫಿಲಿಯೇಟ್‌ಗಳನ್ನು ಒದಗಿಸಿದ ಲೀಡ್‌ಕ್ಲಿಕ್ ಎಂಬ ಜಾಲ, ಸುಳ್ಳು ಬರೆದದ್ದು ತಾನಲ್ಲ ಎಂದು ವಾದಿಸಿತು. ಮ್ಯಾನ್‌ಹಟನ್ನಿನ ಎರಡನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2016ರ ಸೆಪ್ಟೆಂಬರಿನಲ್ಲಿ ಆ ವಾದವನ್ನು ತಳ್ಳಿಹಾಕಿತು. ಮೋಸ ಗೊತ್ತಿದ್ದೂ ತಡೆಯುವ ಅಧಿಕಾರವಿದ್ದೂ ಸುಮ್ಮನಿದ್ದ ಜಾಲವೂ ಹೊಣೆ ಎಂದು 1.19 ಕೋಟಿ ಡಾಲರ್ ಕಟ್ಟುವ ಆದೇಶವನ್ನು ಎತ್ತಿಹಿಡಿಯಿತು. ಈ ಕಸುಬಿನ ಚರಿತ್ರೆಯಲ್ಲಿ ಇದಕ್ಕಿಂತ ಅಗತ್ಯವಾದ ತೀರ್ಪು ಇನ್ನೊಂದಿಲ್ಲ. ಕಮಿಷನ್ ಹಂಚಿಕೊಂಡವರು ಪಾಪವನ್ನೂ ಹಂಚಿಕೊಳ್ಳಬೇಕಾಯಿತು.

ಮನ್ರೋದಂಥ ಊರಿಗೆ ಈ ತೀರ್ಪು ದೂರದ ವಿಷಯವಲ್ಲ. ರಾಸ್‌ಮೂರ್, ಕ್ಲಿಯರ್‌ಬ್ರೂಕ್, ಕಾಂಕಾರ್ಡಿಯಾದಂಥ, ಐವತ್ತೈದು ದಾಟಿದವರಿಗಾಗಿಯೇ ಕಟ್ಟಿದ ಬಡಾವಣೆಗಳು ಇಲ್ಲಿವೆ. ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಯೋಜನೆ ಬದಲಿಸಿಕೊಳ್ಳುವ ಕಾಲ. ಆಗ ಹಿರಿಯರ ಒಂದು ಕ್ಲಿಕ್ಕು, ತುಂಬಿದ ಒಂದು ಅರ್ಜಿ ಮಾರಾಟದ ಸರಕಾಗುತ್ತದೆ. 2021ರಲ್ಲಿ ಮೆಡಿಕೇರ್ ಮಾರ್ಕೆಟಿಂಗ್ ಕುರಿತ ದೂರುಗಳು ಹಿಂದಿನ ವರ್ಷಕ್ಕಿಂತ ದುಪ್ಪಟ್ಟಿಗೂ ಮೀರಿದವು. ಹಾಗಾಗಿ ಸರ್ಕಾರ ನಿಯಮ ಬಿಗಿ ಮಾಡುತ್ತ ಬಂತು. ಎಲ್ಲ ಯೋಜನೆಗಳನ್ನೂ ತೋರಿಸದ ಮಧ್ಯವರ್ತಿಗಳು ಹಾಗೆಂದು ಹೇಳಲೇಬೇಕು. 2024ರ ಅಕ್ಟೋಬರಿನಿಂದ ಹಿರಿಯರ ವಿವರವನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಮಧ್ಯವರ್ತಿಗೆ ದಾಟಿಸುವಂತಿಲ್ಲ. ಇವು ಹತ್ತು ವರ್ಷ ಮೊದಲೇ ಬರಬೇಕಿತ್ತು.

ಉಳಿದದ್ದು ಈ ಕಸುಬನ್ನು ಕಲಿಸುವವರ ಮಾತು. ಮನೆಯಲ್ಲೇ ಕೂತು ಡಾಲರ್ ಗಳಿಸಿ, ಮಲಗಿದ್ದಾಗಲೂ ಆದಾಯ ಎಂಬ ಕೋರ್ಸುಗಳ ಜಾಹೀರಾತುಗಳು ಯೂಟ್ಯೂಬಿನಲ್ಲಿ ಧಾರಾಳವಾಗಿವೆ. ಅವು ನೆಚ್ಚಿಕೊಂಡಿರುವುದು ಓದಿಯೂ ದುಡಿಯುವ ಅವಕಾಶವಿಲ್ಲದೆ ಕೂತವರನ್ನು. ಎಚ್-1ಬಿ ನೌಕರರ ಸಂಗಾತಿಗಳಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದ ಕನ್ನಡದ ಹೆಣ್ಣುಮಕ್ಕಳು ಅಂಥವರಲ್ಲಿ ಮೊದಲಿಗರು. 2015ರ ಮೇ 26ರಿಂದ ಎಚ್-4ನ ಕೆಲವರಿಗೆ, ಮುಖ್ಯವಾಗಿ ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ, ಕೆಲಸದ ಪರವಾನಗಿ ಸಿಗತೊಡಗಿತು. ಅದಿಲ್ಲದವರು ಸ್ವಂತ ಉದ್ಯೋಗವನ್ನೂ ಮಾಡುವಂತಿಲ್ಲ. ಎಚ್-1ಬಿಯಲ್ಲಿರುವ ಗಂಡನೂ ವೀಸಾ ಮಾಡಿಸಿಕೊಟ್ಟ ಕಂಪನಿಯನ್ನು ಬಿಟ್ಟು ಬೇರೆಡೆ ದುಡಿಯುವಂತಿಲ್ಲ. ದಿನವೂ ಬಿಡ್ ತಿದ್ದುತ್ತ, ಒಕ್ಕಣೆ ಬದಲಿಸುತ್ತ, ಹುಡುಕಾಟದ ಪಟ್ಟಿ ಸೋಸುತ್ತ ಕೂತರೆ ಅದು ಕೆಲಸವೇ. ಅದಕ್ಕೆ ಕೂತಲ್ಲೇ ಬರುವ ಆದಾಯ ಎಂದು ಹೆಸರಿಟ್ಟರೆ ವೀಸಾ ಅಧಿಕಾರಿ ಒಪ್ಪಬೇಕಾಗಿಲ್ಲ, ತೆರಿಗೆ ಇಲಾಖೆಯೂ ಆ ಕಮಿಷನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ಕುಟುಂಬದ ವರ್ಷಗಟ್ಟಲೆಯ ಗ್ರೀನ್ ಕಾರ್ಡ್ ಕಾಯುವಿಕೆ ನೂರಿನ್ನೂರು ಡಾಲರಿನ ಕಮಿಷನ್ನಿಗೆ ಅಪಾಯಕ್ಕೆ ಸಿಲುಕಬಹುದು. ಕೋರ್ಸು ಮಾರುವವರು ಇದನ್ನು ಫೀಸು ತೆಗೆದುಕೊಳ್ಳುವ ಮುಂಚೆಯೇ, ಕ್ಲಿಕ್ಕಿನ ಲೆಕ್ಕ ಕಲಿಸುವುದಕ್ಕೂ ಮೊದಲೇ ಹೇಳಬೇಕು.