ಬಿಸಿಲಿಗೆ ಬಿಗಿದ ಹಾಸು

ಕಂಬಳಿ ಕೊಳ್ಳುವವರು ಅಂಚು, ಬಣ್ಣ, ತೂಕ ನೋಡುತ್ತಾರೆ. ಅದರ ಆಯುಷ್ಯ ಮಾತ್ರ ಮಗ್ಗಕ್ಕೂ ಮೊದಲು, ಹಾಸನ್ನು, ಎಂದರೆ ಉದ್ದದ ಎಳೆಗಳನ್ನು, ಬಯಲಲ್ಲಿ ಬಿಗಿದು ಗಂಜಿ ಹಚ್ಚಿ ಒಣಗಿಸುವಾಗಲೇ ನಿರ್ಧಾರವಾಗಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳಲ್ಲಿ ಕುರಿ ಮೇಯಿಸುವವರ ಹೆಗಲ ಮೇಲಿನ ಕರಿಕಂಬಳಿಯನ್ನು ಅಳೆಯಬೇಕಾದದ್ದು ಈ ಕೆಲಸದಿಂದ.

ಬಿಗಿದು ಒಣಗಿಸುವುದು ಬೇರೆಡೆಯೂ ಇತ್ತು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಉಣ್ಣೆಬಟ್ಟೆಯನ್ನು ನೇಯ್ದ ಮೇಲೆ ನೀರಲ್ಲಿ ಕುಟ್ಟಿ ದಟ್ಟ ಮಾಡುತ್ತಿದ್ದರು. ಕುಗ್ಗಿದ ಬಟ್ಟೆಯನ್ನು ಕೊಕ್ಕೆಗಳಿದ್ದ ಮರದ ಚೌಕಟ್ಟಿಗೆ ಸಿಕ್ಕಿಸಿ, ಎಳೆದು ಒಣಗಿಸುತ್ತಿದ್ದರು. ನಮ್ಮ ಕಂಬಳಿಯಲ್ಲಿ ಬಿಗಿತ ನೇಯ್ಗೆಗಿಂತ ಮೊದಲೇ ಬರುತ್ತದೆ. ದಖ್ಖನಿ ಕುರಿಯ ಉಣ್ಣೆ ಒರಟು. ಕೈಯಲ್ಲಿ ನೂತ ಎಳೆಯನ್ನು ಹಾಗೇ ಮಗ್ಗಕ್ಕೇರಿಸಿದರೆ ಒಂದಕ್ಕೊಂದು ತೊಡರಿ ಹರಿಯುತ್ತದೆ. ಅದಕ್ಕೇ ಗೂಟ ಹೊಡೆದು ಹಾಸು ಬಿಗಿಯುತ್ತಾರೆ. ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ಕುಂಚದಿಂದ ತೀಡುತ್ತಾರೆ. ಎದ್ದ ನವಿರು ಕೂರುತ್ತದೆ, ಎಳೆ ಗಟ್ಟಿಯಾಗುತ್ತದೆ.

ಈ ಪದ್ಧತಿಯ ದೊಡ್ಡ ಗುಣ, ತೀಡುವ ಕೈಯೇ ಎಳೆಯನ್ನು ಪರೀಕ್ಷಿಸುವುದು. ಸಡಿಲವಾದದ್ದು, ಹರಿಯುವಂತಿರುವುದು ಬೆರಳಿಗೆ ಸಿಗುತ್ತದೆ, ಅಲ್ಲೇ ಗಂಟು ಬೀಳುತ್ತದೆ. ಗಡಿಯಾಚೆಯ ಸೊಲ್ಲಾಪುರದಂಥ ಊರುಗಳ ಗಿರಣಿ ನೂಲಿಗೆ ಗಂಜಿ ಹಚ್ಚಿ ಒಣಗಿಸುವ ಬಿಸಿ ಉರುಳೆಗಳ ಯಂತ್ರ ಒಪ್ಪುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಕೈನೂಲಿಗೆ ಈ ಬೆರಳಿನ ತಾಳ್ಮೆಯೇ ಬೇಕು.

ಕೊರತೆಗಳನ್ನೂ ಹೇಳಲೇಬೇಕು. ಮೋಡ ಕವಿದರೆ ಕೆಲಸ ನಿಂತಿತು. ಹಾಸಿನಷ್ಟುದ್ದದ ಬಯಲು ಬೇಕು, ಜೊತೆಗೆ ನಾಲ್ಕು ಕೈ ಬೇಕು. ಉರಿಬಿಸಿಲಲ್ಲಿ ಬಾಗಿ ದುಡಿಯುವ ಬೆನ್ನಿನ ನೋವು ಕಂಬಳಿಯ ಬೆಲೆಯಲ್ಲಿ ಸೇರುವುದಿಲ್ಲ. ಈ ಕಷ್ಟವನ್ನು ಪರಂಪರೆ ಎಂದು ಹಾಡಿ ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೆಂದೇ ಮೀಸಲಾಗಿರುವ 11 ಬಗೆಯ ಸರಕುಗಳಲ್ಲಿ ಕಂಬಳಿಯೂ ಇದೆ. ಆದರೆ ಮೀಸಲಾತಿ ನೇಯ್ಗೆಯಿಂದ ಶುರುವಾಗುತ್ತದೆ, ಕಂಬಳಿ ಗೂಟದಿಂದ. ಊರಿನ ಬಯಲಿಗೆ ಮನೆ, ಅಂಗಡಿ ಬಂದ ಮೇಲೆ ಮಗ್ಗ ಉಳಿದರೂ ಹಾಸು ಬಿಗಿಯಲು ಜಾಗ ಉಳಿಯುವುದಿಲ್ಲ. ಪಂಚಾಯಿತಿಯ ನೆಲದಲ್ಲಿ ಸಾಲು ಗೂಟ, ಮೇಲೊಂದು ಎತ್ತರದ ಚಪ್ಪರ, ಪಕ್ಕದಲ್ಲಿ ಗಂಜಿ ಕುದಿಸುವ ಒಲೆ: ಕಂಬಳಿಯನ್ನು ಉಳಿಸುವ ಮಾತು ಇಷ್ಟರಿಂದ ಶುರುವಾಗಲಿ.